ತೆಳ್ಳಗೆ ಕಲೆಸಿದ ಲೋಟ

ತೂಕ ಇಳಿಸುವ ಆಪರೇಷನ್ ಮಾಡಿ ವೈದ್ಯರು ಹೆಂಡತಿಯ ಹೊಟ್ಟೆಯನ್ನು ಬಾಳೆಹಣ್ಣಿನಷ್ಟಕ್ಕೆ ಇಳಿಸಿದ ಮೇಲೆ, ಅಡುಗೆಮನೆಯ ಅಧಿಕಾರ ಕ್ಷೌರಿಕನ ಕೈಗೆ ಬಂತು. ಅಧಿಕಾರವೆಂದರೆ ದೊಡ್ಡದೇನಲ್ಲ, ಒಂದು ಡಬ್ಬಿ ಪ್ರೋಟೀನ್ ಪುಡಿ, ಒಂದು ಅಳತೆಯ ಚಮಚ. ಗಟ್ಟಿ ಊಟ ನಾಲ್ಕು ತುತ್ತಿಗಿಂತ ಹೆಚ್ಚು ಇಳಿಯದವಳಿಗೆ ಮೈಯ ಬಲವೆಲ್ಲ ಇದರಿಂದಲೇ ಬರಬೇಕಿತ್ತು. ಲೋಟಕ್ಕೆ ಎರಡು ಚಮಚ ಹಾಕಿ, ಗುಟುಕು ಗುಟುಕಾಗಿ ಕುಡಿಸಿ ಎಂದು ಆಹಾರ ತಜ್ಞೆ ಹೇಳಿಕೊಟ್ಟಿದ್ದಳು. ಅವನು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುನ್ನ ಇಡೀ ದಿನದ್ದನ್ನು ಕಲೆಸಿ ಬಾಟಲಿಗಳಲ್ಲಿ ತುಂಬಿಡುತ್ತಿದ್ದ.

ಕುಡಿಯುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. "ಗೋಡೆಗೆ ಬಳಿಯೋ ಸುಣ್ಣ ಕುಡಿದ ಹಾಗಿದೆ ಕಣ್ರೀ" ಎಂದು ಓಕರಿಸುತ್ತಿದ್ದಳು. ಆ ಮುಖ ನೋಡಲಾರದೆ ಅವನು ಒಂದು ದಿನ ಪುಡಿ ಕಡಿಮೆ ಮಾಡಿ, ಕೋಕೋ ಹೆಚ್ಚು ಹಾಕಿದ. ಅವಳು ಸಲೀಸಾಗಿ ಕುಡಿದು, "ಇವತ್ತು ನಿಮ್ಮ ಕೈಗೇನೋ ರುಚಿ ಬಂದಿದೆ" ಎಂದಳು. ಇಷ್ಟು ವರ್ಷ ಊರಿನವರ ತಲೆಗೂದಲು ಕತ್ತರಿಸಿದ್ದಕ್ಕೆ ಯಾರೂ ಅವನಿಗೆ ಅಂಥ ಮಾತು ಹೇಳಿರಲಿಲ್ಲ. ಹೊಗಳಿದರೆ ಉಬ್ಬದವರು ಯಾರು? ಎರಡು ಚಮಚ ಒಂದಾಯಿತು, ಒಂದು ಅರ್ಧವಾಯಿತು.

ಆಮೇಲೆ ಅವಳ ಕೂದಲು ಉದುರತೊಡಗಿತು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕೂದಲಿನ ಕಸುಬಿನವನಿಗೆ ಬಾಚಣಿಗೆ ನೋಡಿದರೆ ಗೊತ್ತಾಗದೇ? ಆದರೂ ಅವನು ನೀರನ್ನು ದೂರಿದ, ಸೋಪನ್ನು ದೂರಿದ, ಚಮಚದ ಸುದ್ದಿಗೆ ಮಾತ್ರ ಹೋಗಲಿಲ್ಲ.

ತಪಾಸಣೆಗೆ ಹೋದ ಬೆಳಿಗ್ಗೆ ಆಹಾರ ತಜ್ಞೆ ರಕ್ತಪರೀಕ್ಷೆಯ ವರದಿ ನೋಡಿ ಹುಬ್ಬು ಗಂಟಿಕ್ಕಿದಳು. "ಪ್ರೋಟೀನ್ ತಳ ಮುಟ್ಟಿದೆ. ನೀವು ಕುಡೀತಿಲ್ಲ."

"ಒಂದು ಹನಿ ಬಿಡದೆ ಕುಡೀತೀನಿ ಮೇಡಂ."

"ಎಲ್ಲರೂ ಹಾಗೇ ಹೇಳ್ತಾರೆ. ಸಿಂಕಿಗೆ ಸುರಿದು ಬಂದು ಇಲ್ಲಿ ಆಣೆ ಹಾಕ್ತಾರೆ."

ಹೆಂಡತಿ ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಿರಲಿ, ಇವನು ಇನ್ನೊಬ್ಬರ ಹೆಗಲ ಮೇಲೇ ಕಾಯಿ ಇಟ್ಟುಬಿಟ್ಟ. "ಕುಡೀತಾಳೆ... ಆದ್ರೆ ನಾನು ಅಂಗಡೀಲಿರ್ತೀನಲ್ಲ ಮೇಡಂ, ಪೂರ್ತಿ ನೋಡಿರಲ್ಲ."

ಆ ಮಾತು ಬಾಯಿಂದ ಬಿದ್ದ ಕ್ಷಣದಲ್ಲೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಆಡಿದ್ದನ್ನು ಮತ್ತೆ ನುಂಗಿಕೊಳ್ಳಲು ಆಗಲಿಲ್ಲ. ಹೆಂಡತಿ ತಲೆ ತಗ್ಗಿಸಿ ಬೈಗುಳವನ್ನೆಲ್ಲ ಕೇಳಿಸಿಕೊಂಡಳು.

ಮನೆಗೆ ಬಂದವಳೇ ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿದಳು. "ಇಲ್ಲೇ ಒಂದಿಷ್ಟು ಉಳಿಸ್ತಿದ್ದೆನೇನೋ. ನೀವು ಅಷ್ಟು ಕಷ್ಟಪಟ್ಟು ಕಲೆಸ್ತೀರಿ. ತಪ್ಪು ನಂದೇ. ಬೇಜಾರು ಮಾಡ್ಕೋಬೇಡಿ."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕ್ಷಮೆ ಕೇಳಿದ್ದನ್ನು ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು ನಿಂತು, ಅರ್ಧ ಚಮಚದವರೆಗೆ ಎಲ್ಲವನ್ನೂ ಹೇಳಿದ.

ಅವಳು ಬಾಟಲಿ ಕೆಳಗಿಟ್ಟಳು. "ಪುಡಿ ಕಮ್ಮಿ ಹಾಕಿದ್ದಕ್ಕೆ ನಾನೇನೂ ಅನ್ನಲ್ಲ. ನನ್ನ ಸಂಕಟ ನೋಡಲಾರದೆ ಹಾಕಿದ್ರಿ. ಆದ್ರೆ ಅಲ್ಲಿ, ಅವರ ಮುಂದೆ, ನನ್ನನ್ನ ಸುಳ್ಳುಬುರುಕಿ ಮಾಡಿದ್ರಲ್ಲ" ಎಂದಳು. ಫೋನು ಎತ್ತಿ, ಆಸ್ಪತ್ರೆಗೆ ಕರೆ ಮಾಡಿ, ಅವನ ಕೈಗೆ ಕೊಟ್ಟಳು.

"ಯಾರು ಮಾತಾಡ್ತಿರೋದು?" ಆಹಾರ ತಜ್ಞೆಯ ಧ್ವನಿ.

"ಬೆಳಿಗ್ಗೆ ಬಂದಿದ್ವಲ್ಲ ಮೇಡಂ, ಆಕೆ ಗಂಡ. ಅವಳು ಒಂದು ಹನೀನೂ ಬಿಟ್ಟಿಲ್ಲ. ಪುಡಿ ಕದ್ದೋನು ನಾನು."

ಆ ಕಡೆಯಿಂದ ಬೈಗುಳ ಶುರುವಾಯಿತು. ಅವನು "ಹೂಂ, ಹೂಂ" ಎನ್ನುತ್ತ ನಿಂತ. ಅಷ್ಟರಲ್ಲಿ ಹೆಂಡತಿ ತಾನೇ ಡಬ್ಬಿ ತೆಗೆದು, ಪೂರ್ತಿ ಎರಡು ಚಮಚ ಹಾಕಿ ಕಲೆಸಿಕೊಂಡು, ಅವನಿಗೆ ಬೆನ್ನು ಮಾಡಿ ಕೂತಳು. ಒಂದು ಗುಟುಕು ಕುಡಿದು, ಓಕರಿಕೆ ತಡೆದು, ಇನ್ನೊಂದು ಗುಟುಕು ನುಂಗಿದಳು. ಹೇಗಿದೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.