ಚನಬಸಪ್ಪನವರ ‘ನೋಡಿದೆ’

ದಾಂಡೇಲಿಯ ಬಿದಿರು-ಬೆತ್ತದ ಸಹಕಾರಿ ಸಂಘದಲ್ಲಿ ಒಂದು ರೂಢಿಯಿತ್ತು. ಕಾರ್ಯದರ್ಶಿ ಚನಬಸಪ್ಪನವರ ಕೈಗೆ ಯಾವ ಕಾಗದ ಬಂದರೂ ಅದರ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ‘ನೋಡಿದೆ’ ಬಿತ್ತೆಂದರೆ ಮಂಜೂರಾಯಿತೆಂದೇ ಅರ್ಥ. ಕಾಗದದ ಕಾಲ ಹೋಗಿ ಇ-ಮೇಲ್ ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಬಂದದ್ದಕ್ಕೆಲ್ಲ ‘ನೋಡಿದೆ’ ಎಂದು ಒತ್ತಿ ಅದರಲ್ಲಿದ್ದ ಎಲ್ಲರಿಗೂ ಮರಳಿ ಕಳಿಸುತ್ತಿದ್ದರು.

ಆ ಮೇಲ್‌ಗಳೆಲ್ಲ ಹಾದುಹೋಗುವ ಸರ್ವರ್ ಸಂಘದ ಹಿಂದಿನ ಕೋಣೆಯಲ್ಲಿತ್ತು. ಅದನ್ನು ನೋಡಿಕೊಳ್ಳುವವರು ಉಸ್ಮಾನಸಾಬರು. ಒಂದು ಕಾಲಕ್ಕೆ ಊರಿನ ಟೈಪ್‌ರೈಟರುಗಳನ್ನೆಲ್ಲ ರಿಪೇರಿ ಮಾಡಿದವರು, ಐದು ಹೊತ್ತಿನ ನಮಾಜು ತಪ್ಪಿಸದವರು. ಸಂಘದ ಎಲ್ಲರ ಪಾಸ್‌ವರ್ಡೂ ಅವರಿಗೆ ಗೊತ್ತಿತ್ತು, ಆದರೆ ಒಬ್ಬರ ಪತ್ರವನ್ನೂ ತೆರೆದು ಓದಿದವರಲ್ಲ. ಜನ ತಮ್ಮ ಮೇಲಿಟ್ಟ ಆ ನಂಬಿಕೆಯೇ ತಮ್ಮ ಗಳಿಕೆ ಎಂದು ತಿಳಿದಿದ್ದರು.

ಮಳೆಗಾಲದ ಒಂದು ಬೆಳಗ್ಗೆ ಚನಬಸಪ್ಪನವರು ಅವರನ್ನು ಕರೆಸಿ ಬಾಗಿಲು ಮುಂದೆ ಮಾಡಿದರು.

“ಉಸ್ಮಾನಸಾಬ್ರ, ಹಳಿಯಾಳ ಗೋದಾಮಿನ್ಯಾಗ ಬೆತ್ತ ಬೂಸು ಹಿಡಿದು ಹಾಳಾಗೇತಿ. ಅಲ್ಲಿ ಗೋದಾಮು ನೋಡೂ ಮೌನೇಶನ್ನ ಕೇಳಿದ್ರ ಬಾಯಿ ಬಿಡಂಗಿಲ್ಲ, ಇಲ್ಲಿ ಆಫೀಸಿನ್ಯಾಗ ಅನ್ನಪೂರ್ಣಾನ್ನ ಕೇಳಿದ್ರ ನೆಲಾ ನೋಡ್ತಾಳ. ಇಬ್ರೂ ಕೂಡಿ ಏನೋ ಮುಚ್ಚಿಡಾಕತ್ತಾರ. ಅವ್ರಿಬ್ರ ನಡುವ ಹೋಗೂ ಬರೂ ಮೇಲ್‌ದು ಒಂದೊಂದು ನಕಲು ನನಗ ಬರೂ ಹಂಗ ಮಾಡ್ರಿ. ಅವ್ರಿಗೆ ತಿಳೀಬಾರ್ದು.”

“ಮಾಡಾಕ ಬರತೈತ್ರಿ. ಆದ್ರ ಕದ್ದು ಕೇಳೂದು ಬ್ಯಾಡ ಅಂತೈತ್ರಿ ನಮ್ಮ ಧರ್ಮ.”

“ಕೇಳೂದಲ್ರೀ, ಓದೂದು.”

“ಕಿವಿ ಬದ್ಲಿ ಕಣ್ಣು. ಅಷ್ಟ ಅಲ್ರೀ ಸಾಹೇಬ್ರ?”

ಚನಬಸಪ್ಪನವರು ನಕ್ಕರು, ಪಟ್ಟು ಮಾತ್ರ ಬಿಡಲಿಲ್ಲ. “ಸಂಘದ ಮೇಲು, ಸಂಘದ ಕೆಲಸ. ಮನಿ ಪತ್ರ ಏನಲ್ಲಲಾ.”

ಅದೂ ನಿಜವೇ. ಉಸ್ಮಾನಸಾಬರು ಒಂದೇ ಕರಾರು ಹಾಕಿದರು. “ಅವ್ರು ಬಂದು ಕೇಳಿದ್ರ ನಾ ಸುಳ್ಳು ಹೇಳಂಗಿಲ್ರಿ.”

“ತಿಳದ್ರಲ್ಲ ಅವ್ರು ಕೇಳೂದು?”

ಹಿಂದಿನ ಕೋಣೆಗೆ ಹೋಗಿ ಸರ್ವರಿಗೆ ಎರಡು ಸಾಲಿನ ಆಜ್ಞೆ ಬರೆದರು: ಮೌನೇಶನಿಂದ ಅನ್ನಪೂರ್ಣಾಗೆ ಹೋಗುವುದಕ್ಕೊಂದು ಸಾಲು, ಅವಳಿಂದ ಅವನಿಗೆ ಹೋಗುವುದಕ್ಕೊಂದು ಸಾಲು. ಎರಡರ ಕೊನೆಗೂ ಚನಬಸಪ್ಪನವರ ವಿಳಾಸ. ಬೇರೆಯವರ ಪತ್ರ ಅದರಲ್ಲಿ ಸಿಕ್ಕಿಬೀಳದಂತೆ ಎರಡೆರಡು ಸಲ ಪರೀಕ್ಷಿಸಿ ಉಸ್ಮಾನಸಾಬರು ಮಧ್ಯಾಹ್ನದ ನಮಾಜಿಗೆ ಹೋದರು. ಹಣೆ ಚಾಪೆಗೆ ಹಚ್ಚಿದರೆ ಆ ಎರಡು ಸಾಲುಗಳೇ ಕಣ್ಣ ಮುಂದೆ. ಪ್ರತಿ ವರ್ಷ ನಾಗರ ಪಂಚಮಿಗೆ ತಪ್ಪದೆ ಶೇಂಗಾ ಉಂಡಿ ತಂದುಕೊಡುವ ಹುಡುಗಿ ಅನ್ನಪೂರ್ಣಾ. ‘ಮಾಲಿಕ, ಇದು ಬೆಳಕಿಗೆ ಬರುವ ದಾರಿ ನೀನೇ ಮಾಡು’ ಎಂದು ಬೇಡಿಕೊಂಡು ಎದ್ದರು.

ಬೇಡಿದ್ದು ಮೂರು ಗಂಟೆಗೇ ಬಂದು ಬಾಗಿಲಲ್ಲಿ ನಿಂತಿತು.

“ಚಾಚಾ,” ಎಂದಳು ಅನ್ನಪೂರ್ಣಾ, “ನಾನೂ ಮೌನೇಶನೂ ಇಬ್ರ ಬರಕೊಂಡ ಮೇಲ್‌ಗೆ ಸಾಹೇಬ್ರ ‘ನೋಡಿದೆ’ ಬಂದೈತಿ. ಹೆಂಗ ಬಂತು?”

ಉಸ್ಮಾನಸಾಬರು ಒಂದಕ್ಷರ ಬಿಡದೆ ಎಲ್ಲ ಹೇಳಿದರು.

“ನೀವೂನಾ ಚಾಚಾ?”

“ತಪ್ಪಾತವ್ವ.”

ಅವಳು ಮೊಬೈಲನ್ನು ಅವರ ಮುಂದೆ ಹಿಡಿದಳು. “ನೀವ ಓದ್ರಿ.”

ಮೌನೇಶ ಬರೆದಿದ್ದ: ‘ಗೋದಾಮಿನ ಹಂಚು ಒಡೆದು ನೀರು ನೇರ ಬೆತ್ತದ ಮೇಲೆ ಸುರಿಯುತ್ತಿದೆ. ಹೇಳಿದರೆ ಸಾಹೇಬರು ಬೈಯುತ್ತಾರೆ. ನೀವಾದರೂ ಹೇಳಿರಿ.’ ಅನ್ನಪೂರ್ಣಾ ಉತ್ತರಿಸಿದ್ದಳು: ‘ಹೋದ ವರ್ಷ ಹಂಚು ಅಂದದ್ದಕ್ಕೇ ನನಗೂ ಬೈಗುಳ ಬಿದ್ದಿದೆ. ಮತ್ತೆ ಕೇಳಲು ಧೈರ್ಯವಿಲ್ಲ. ಹೊಸ ಹಂಚು ಬೇಕೇ ಬೇಕು.’

ಅದರ ಕೆಳಗೆ, ಇಬ್ಬರಿಗೂ: ‘ನೋಡಿದೆ. ಚನಬಸಪ್ಪ.’

ಉಸ್ಮಾನಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಅಲ್ಲವ್ವಾ, ‘ನೋಡಿದೆ’ ಅಂದ್ರ ಮಂಜೂರಲ್ಲೇನ?”

ಅನ್ನಪೂರ್ಣಾಗೆ ಆಗ ನಗು ಬಂತು. ಅವರಿಗೂ ಬಂತು. ಇಬ್ಬರೂ ಕೂಡಿಯೇ ಕಾರ್ಯದರ್ಶಿಗಳ ಕೋಣೆಗೆ ಹೋದರು.

ಚನಬಸಪ್ಪನವರು ಹಣೆ ಚಚ್ಚಿಕೊಂಡರು. “ಪೂರಾ ಓದೂದರಾಗ ಕೈ ತಾನ ಬರದು ಕಳಿಸೇತಿ.”

“ಕೈ ಬರದ್ರೂ ಮಂಜೂರಾದಂಗ ಅಲ್ರೀ,” ಎಂದಳು ಅನ್ನಪೂರ್ಣಾ. “ಹಂಚು ಎಷ್ಟು ತರಸೂಣ್ರಿ?”

ಅವರು ಇನ್ನೊಮ್ಮೆ ಪತ್ರ ಓದಿದರು. ‘ಬೈಯುತ್ತಾರೆ’ ಎಂಬಲ್ಲಿ ಬೆರಳು ನಿಂತಿತು. “ಅಷ್ಟು ಬೈತೇನೇನ ನಾ?” ಎಂದು ಮೆಲ್ಲಗೆ ಕೇಳಿದರು. ಅನ್ನಪೂರ್ಣಾ ನೆಲ ನೋಡಿದಳು. “ಎಷ್ಟು ಬೇಕೋ ಅಷ್ಟು ತರಸ್ರಿ,” ಎಂದರು.

“ಆ ಎರಡು ಸಾಲು ಅಳಸಿಬಿಡ್ಲೇನ್ರಿ?” ಎಂದು ಉಸ್ಮಾನಸಾಬರು ಕೇಳಿದರು.

“ಬ್ಯಾಡ ಚಾಚಾ, ಇರ್ಲಿ,” ಎಂದವಳು ಅನ್ನಪೂರ್ಣಾ. “ಇಷ್ಟು ಲಗೂನ ‘ನೋಡಿದೆ’ ಮತ್ತೆಲ್ಲಿ ಸಿಗತೈತಿ? ನಮಗ ತಿಳಿದಿದ್ರ ಆತು. ಪಾಸ್‌ವರ್ಡ್ ಬದಲಸ್ಬೇಕಂತ ಮಾಡಿದ್ನಿ, ಅದೂ ಬ್ಯಾಡ ಬಿಡ್ರಿ. ಕೇಳಿದ ಕೂಡ್ಲೆ ಹೇಳಿದ್ರಲಾ.”

ಉಸ್ಮಾನಸಾಬರು ಹಿಂದಿನ ಕೋಣೆಗೆ ಹೋಗಿ ಆ ಎರಡರ ಕೆಳಗೆ ಮೂರನೆಯ ಸಾಲೊಂದನ್ನು ಬರೆದರು. ಅಂದಿನಿಂದ ಅವರಿಬ್ಬರ ಪತ್ರಗಳ ಅಡಿಯಲ್ಲಿ ‘ಇದರ ಒಂದು ನಕಲು ಕಾರ್ಯದರ್ಶಿಗಳಿಗೆ ಹೋಗುತ್ತದೆ’ ಎಂದು ಮೂಡತೊಡಗಿತು. ಪರೀಕ್ಷೆಗೆಂದು ಅನ್ನಪೂರ್ಣಾ ಮೊದಲ ಪತ್ರ ಕಳಿಸಿದಳು: ‘ಮೌನೇಶ, ಹಂಚು ಬರುವವರೆಗೆ ಬೆತ್ತಕ್ಕೆ ತಾಡಪತ್ರಿ ಹೊದಿಸು.’

ಮೌನೇಶನಿಗಿಂತ ಮೊದಲು ಉತ್ತರ ಬಂತು. ‘ನೋಡಿದೆ.’

ಸಂಜೆಯ ನಮಾಜಿಗೆ ಉಸ್ಮಾನಸಾಬರು ಚಾಪೆ ಹಾಸಿದರು. ಹಣೆ ನೆಲಕ್ಕೆ ಹಚ್ಚಿದಾಗ ಕಣ್ಣ ಮುಂದೆ ಯಾವ ಸಾಲೂ ಬರಲಿಲ್ಲ.