ಬಾಲವಿರುವ ಸಹಿ

“ಕೊನೆಯ ತನಕ ಕೇಳದೆ ಹೂಂ ಅಂದುಬಿಟ್ಟೆಯಲ್ಲ, ನಿನಗೇನು ನಿದ್ದೆ ಹತ್ತಿತ್ತಾ?”

ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಬೈದದ್ದು ಕಂಪ್ಯೂಟರಿನ ಪರದೆಯ ಮೇಲಿದ್ದ, ತಾನೇ ಬರೆದ ಪ್ರೋಗ್ರಾಮಿನ ಒಂದು ಫಂಕ್ಷನ್ನಿಗೆ. ಆಸ್ಪತ್ರೆಯ ಔಷಧದ ಪಂಪಿಗೆ ಬಂದ ಆದೇಶ ವೈದ್ಯರದೇ ಹೌದೋ ಅಲ್ಲವೋ ಎಂದು ನೋಡುವುದು ಅದರ ಕೆಲಸ. ವೈದ್ಯರ ಕಡೆಯ ಯಂತ್ರ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಪಂಪು ಎಲ್ಲರಿಗೂ ಗೊತ್ತಿರುವ ಇನ್ನೊಂದು ಕೀಲಿಯಿಂದ ಆ ಸಹಿಯನ್ನು ಬಿಚ್ಚಿ, ಆದೇಶಕ್ಕೆ ತಾಳೆ ನೋಡುತ್ತದೆ. ತಾಳೆಯಾದರೆ ಮದ್ದು ಹರಿಯುತ್ತದೆ. ಪರೀಕ್ಷೆಗೆಂದು ಅವಳೇ ಕೆಡಿಸಿಟ್ಟ ಸಹಿಯೊಂದನ್ನು ನಿನ್ನೆಯವರೆಗೆ ಹೊಸ್ತಿಲಲ್ಲೇ ತಡೆಯುತ್ತಿದ್ದ ಫಂಕ್ಷನ್ನು, ಇಂದು ಅದನ್ನೇ ಕೈಹಿಡಿದು ಒಳಗೆ ಕರೆದಿತ್ತು. ಯಾರೋ ಒಂದು ಸಾಲು ಅಳಿಸಿದ್ದರು: ತಾಳೆಯಾದ ಮೇಲೆ ಸಹಿಯಲ್ಲಿ ಇನ್ನೇನೂ ಉಳಿದಿರಬಾರದು ಎನ್ನುವ ಸಾಲು.

“ನಾನೇ ತೆಗೆಸಿದ್ದು ಪುಟ್ಟೀ,” ಎನ್ನುತ್ತ ಮಾವ ಒಳಗೆ ಬಂದರು. ತಾಯಿಯ ತಮ್ಮ, ಈ ಕಂಪನಿಯ ಒಡೆಯ. “ಆಸ್ಪತ್ರೆಯ ಹಳೇ ಯಂತ್ರಗಳು ಸಹಿಯ ತುದಿಗೆ ಏನೋ ಕಸ ಅಂಟಿಸಿ ಕಳಿಸ್ತವೆ. ನೀನು ಅದನ್ನ ಬೇಡ ಅಂದ್ರೆ ಅವರು ನಮ್ಮನ್ನೇ ಬೇಡ ಅಂತಾರೆ. ಸಹಿಯ ತಲೆ ಸರಿ ಇದೆ ತಾನೇ? ಬಾಲ ಕಟ್ಕೊಂಡು ನಿನಗೇನು?”

“ಬಾಲದಲ್ಲೇ ಕಳ್ಳ ಕೂರೋದು ಮಾವ. ನಿಲ್ಲಿ, ತೋರಿಸ್ತೀನಿ.”

ಗುಟ್ಟಿನ ಕೀಲಿಯನ್ನು ಮುಟ್ಟಲೇ ಇಲ್ಲ ಅವಳು. ಸುಳ್ಳು ಆದೇಶವೊಂದನ್ನು ಬರೆದು, ಬಾಲಕ್ಕೆ ಬಿಟ್ಟ ಜಾಗದಲ್ಲಿ ಬೇಕಾದ ಅಂಕಿ ತುಂಬಿ, ಬಿಚ್ಚಿದಾಗ ತಲೆಯಷ್ಟೇ ತಾಳೆಯಾಗುವಂಥ ಸಹಿಯೊಂದನ್ನು ಅದಕ್ಕೆ ಹುಟ್ಟಿಸಿದಳು. ಮೇಜಿನ ಮೇಲೆ ಪರೀಕ್ಷೆಗೆಂದು ನೀರು ತುಂಬಿಟ್ಟ ಪಂಪು ಗುರ್ರೆಂದಿತು. ತೊಟ್ಟಿಕ್ಕಬೇಕಾದ ನೀರು ಧಾರೆಯಾಗಿ ಬಟ್ಟಲು ತುಂಬಿ, ಮೇಜಿನಿಂದಿಳಿದು, ಮಾವನ ಬೂಟಿನ ಮೇಲೆ ಸುರಿಯಿತು.

ಮಾವ ಕಾಲು ಹಿಂದೆಗೆದರು. “ಇಷ್ಟು ತಲೆ ಇರೋ ಕಳ್ಳ ಎಲ್ಲಿರ್ತಾನೆ?”

“ನಿಮ್ಮ ಮನೆಯಲ್ಲೇ ಒಬ್ಬಳು ಬೆಳೆದಿಲ್ವಾ?”

ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಪದ್ಯದಿಂದ. ಅಜ್ಜಿ ಹೇಳಿಕೊಡುವಳು, ಮಾವ ಒಪ್ಪಿಸುವರು. ಕೆಲಸಕ್ಕೆ ಓಡುವ ಆತುರದಲ್ಲಿ ಕೊನೆಯ ಸಾಲನ್ನು ಮಾವ ನುಂಗಿಬಿಡುತ್ತಿದ್ದರು. ಕಣ್ಣು ಮುಚ್ಚಿ ಕೂತ ಅಜ್ಜಿಯದು ಒಂದೇ ಮಾತು: “ಮತ್ತೆ ಮೊದಲಿಂದ.” ಗೋಡೆಗೊರಗಿ ಕೂತ ಹುಡುಗಿ ತಾನೊಂದು ಪದ್ಯವನ್ನೂ ಗಟ್ಟಿಯಾಗಿ ಹೇಳಿದವಳಲ್ಲ. ಕೇಳಿದಳು, ಅಷ್ಟೆ. ಕೊನೆಯ ಅಕ್ಷರ ನೆಲೆಯಾಗುವ ತನಕ ಕೈಮುಗಿದು ಕೇಳುವುದೇ ಅವಳ ಪ್ರಾರ್ಥನೆಯಾಗಿತ್ತು.

“ಅಜ್ಜಿ ಇದ್ದಿದ್ರೆ ಇದಕ್ಕೆ ಹೂಂ ಅಂತಿದ್ರಾ?”

“ಅಮ್ಮನ್ನ ಯಾಕೆ ಎಳೀತೀಯ ಇಲ್ಲಿಗೆ? ಪದ್ಯ ತಪ್ಪಿದ್ರೆ ಯಾರೂ ಸಾಯ್ತಿರಲಿಲ್ಲ.”

“ಯಾರೂ ಸಾಯದ ಕಡೆಯೇ ಅವರು ಬಿಡ್ಲಿಲ್ಲ ಮಾವ. ಇಲ್ಲಿ ಸಾಯ್ತಾರೆ.”

ಅಳಿಸಿದ್ದ ಸಾಲನ್ನು ಅವಳು ಮತ್ತೆ ಬರೆದಳು. ಕೆಟ್ಟ ಸಹಿ ಹೊಸ್ತಿಲಲ್ಲೇ ನಿಂತಿತು. ಮಾವನ ಮುಖ ಬಿಗಿಯಿತು. ಪಂಪಿನ ಪ್ರೋಗ್ರಾಮಿನ ಹೊಸ ಆವೃತ್ತಿ ಯಾವುದೇ ಇರಲಿ, ಅವಳ ಸ್ವಂತ ಕೀಲಿಯ ಸಹಿ ಬೀಳದೆ ಪಂಪುಗಳು ಅದನ್ನು ತೆಗೆದುಕೊಳ್ಳವು.

“ಆ ಸಾಲು ತೆಗಿ, ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಈ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ. ನಿನ್ನನ್ನ ಓದಿಸಿದ್ದು ಯಾರು ಅನ್ನೋದನ್ನ ಮರೀಬೇಡ.”

“ಮರೆತಿಲ್ಲ. ಆದ್ರೆ ಆ ಸಾಲು ತೆಗೆದ ಮೇಲೆ ನನ್ನ ಸಹಿ ನಿಮಗ್ಯಾಕೆ? ಯಾರ ಸಹಿ ಬೇಕಾದ್ರೂ ಹುಟ್ಟುತ್ತಲ್ಲ!”

“ಬಾಯಿ ಸಾಕು. ಸಹಿ ಹಾಕು ಅಂದೆ.”

ಅವಳು ಎದ್ದಳು. ಕಂಪ್ಯೂಟರಿಗೆ ಸಿಕ್ಕಿಸಿದ್ದ, ತನ್ನ ಸಹಿಯ ಹೆಬ್ಬೆರಳುದ್ದದ ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಕುರ್ಚಿಯನ್ನು ಮಾವನ ಕಡೆಗೆ ತಳ್ಳಿದಳು.

“ಕುರ್ಚಿ ನಿಮ್ಮದು, ತಗೊಳ್ಳಿ. ಸಹಿ ನನ್ನದು. ಹಾಕೋದಿಲ್ಲ.”