ಬೇರೆ ಮುಖಕ್ಕೆ ತುಂಬಿದ ಪೆಟ್ಟಿಗೆ

ಪೌಡರಕ್ಕ ಎಂದು ಹೆಸರಾದವಳು ಪೌಡರಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣಿ. ಮದುಮಗಳ ಮೇಕಪ್ಪಿಗೆ ಅವಳನ್ನು ಕರೆದ ಮನೆಗಳಲ್ಲೆಲ್ಲ ಮೊದಲು ಜಗಳ, ಆಮೇಲೆ ಮೇಕಪ್ಪು. "ಎದುರುಮನೆ ಹುಡುಗಿಗೆ ಹಚ್ಚಿದ್ರಲ್ಲ, ಅದನ್ನೇ ನಮ್ಮವಳಿಗೂ ಹಚ್ಚಿ" ಎಂದು ಯಾವ ತಾಯಿಯಾದರೂ ಬಾಯಿಬಿಟ್ಟರೆ ಮುಗಿಯಿತು. "ಎದುರುಮನೆಯವಳ ಚಪ್ಪಲಿ ನಿಮ್ಮ ಮಗಳ ಕಾಲಿಗೆ ಆಗುತ್ತಾ? ಕಾಲಿಗೇ ಆಗದ್ದು ಮುಖಕ್ಕೆ ಹೇಗೆ ಆಗುತ್ತೆ?" ಎಂದು ತಿರುಗಿಬೀಳುತ್ತಿದ್ದಳು.

ಅವಳ ಪದ್ಧತಿಯೇ ಬೇರೆ. ಮೊದಲು ಬರೀ ನೀರಿನಲ್ಲಿ ಮುಖ ತೊಳೆಸುವಳು. ಏನೂ ಹಚ್ಚದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುವಳು. ಆಮೇಲೆ ಎಣ್ಣೆ ಹೀರುವ ತೆಳು ಕಾಗದವನ್ನು ಹಣೆ, ಮೂಗು, ಕೆನ್ನೆಗಳ ಮೇಲೆ ಒತ್ತಿ, ಬೆಳಕಿಗೆ ಹಿಡಿದು ನೋಡುವಳು. ಕಾಗದ ಪಾರದರ್ಶಕವಾದರೆ ನೀರಿನಂಥ ತೆಳು ಫೌಂಡೇಶನ್ನು, ಮೇಲೊಂದಿಷ್ಟು ಪೌಡರು. ಕಾಗದ ಹೋದ ಹಾಗೇ ಬಂದರೆ ಮೊದಲು ಕ್ರೀಮು ಕುಡಿಸಬೇಕು, ಪೌಡರನ್ನು ಹತ್ತಿರ ಸುಳಿಯಗೊಡಬಾರದು. ಬೇಗ ಉರಿಯುವ ಚರ್ಮವಾದರೆ ಹಿಂದಿನ ದಿನವೇ ಕಿವಿಯ ಹಿಂದೆ ಹಚ್ಚಿ ನೋಡಬೇಕು. "ಜನ ಮುಖ ನೋಡಿ ಮಣೆ ಹಾಕ್ತಾರೆ. ನಾನು ಮುಖ ಒತ್ತಿ ನೋಡಿ ಹಾಕ್ತೀನಿ" ಎನ್ನುವುದು ಅವಳ ಹೆಮ್ಮೆ.

ಈ ಮದುವೆಯ ಹುಡುಗಿಯನ್ನೂ ಹೋದ ವಾರವೇ ತನ್ನ ಅಂಗಡಿಗೆ ಕರೆಸಿ ಒತ್ತಿ ನೋಡಿದ್ದಳು. ಹುಡುಗಿಯ ಜೊತೆ ಮದುವೆಗಂಡೂ ಬಂದಿದ್ದ. ಅವನದು ಕನ್ನಡಕದ ಅಂಗಡಿ. ಹುಡುಗಿಯ ಹಣೆಗಿಟ್ಟ ಕಾಗದ ಅವನ ಅಂಗಡಿಯ ಗಾಜಿನಷ್ಟೇ ಸ್ವಚ್ಛವಾಗಿ ಆಚೆ ಬದಿ ತೋರಿಸಿತ್ತು. ಅಷ್ಟು ಜಿಡ್ಡು. "ಇವಳ ಮುಖ ಆಗಾಗ ಹೊಳೆಯೋಕೆ ಶುರುವಾಗುತ್ತಪ್ಪ. ಉಜ್ಜಿದರೆ ಎಲ್ಲ ಕಿತ್ತುಬರುತ್ತೆ. ಹೀಗೆ ಒತ್ತಬೇಕು, ಅಷ್ಟೇ" ಎಂದು ಅಕ್ಕ ತೋರಿಸಿಕೊಟ್ಟಳು. ಅವನು ಒಂದು ಕಾಗದ ತೆಗೆದುಕೊಂಡು ಅವಳ ಮೂಗಿನ ತುದಿಗೆ ಎಷ್ಟು ಮೆಲ್ಲಗೆ ಒತ್ತಿದನೆಂದರೆ, ಹುಡುಗಿ ನಗುತ್ತಲೇ ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಚೆನ್ನಾಗಿ ಬಾಳುತ್ತಾರೆ ಎಂದು ಅಕ್ಕನಿಗೆ ಅವತ್ತೇ ಅನ್ನಿಸಿತ್ತು. ಹಾಗಾಗಿ ಇವತ್ತು ಮೇಕಪ್ ಪೆಟ್ಟಿಗೆಯ ತುಂಬ ಜಿಡ್ಡು ಚರ್ಮಕ್ಕೆ ಹಚ್ಚುವ ಸಾಮಾನನ್ನೇ ತುಂಬಿಕೊಂಡು, ನಿಶ್ಚಿಂತೆಯಿಂದ ಮದುವೆ ಹಾಲಿಗೆ ಬಂದಿದ್ದಳು.

ಮದುಮಗಳ ಕೋಣೆಯಲ್ಲಿ ದೊಡ್ಡ ಕನ್ನಡಿ, ಅದರ ಮುಂದೆ ಮದುಮಗಳು, ಪಕ್ಕದಲ್ಲಿ ಪಿನ್ನುಗಳ ಡಬ್ಬಿ ಹಿಡಿದ ತಾಯಿ. ಮೂಲೆಯಲ್ಲಿ ಬಟ್ಟೆಗಳ ಸ್ಟ್ಯಾಂಡಿಗೆ ಒರಗಿ ಮದುಮಗಳ ತಂಗಿ. ಅವಳನ್ನು ನೋಡಿ ಅಕ್ಕ ಗಕ್ಕನೆ ನಿಂತಳು. ಎರಡು ಮುಖ, ಒಂದೇ ಅಚ್ಚು.

"ಅವಳಿ ಜವಳಿ. ಹೆತ್ತ ನಾನೇ ಎಷ್ಟೋ ಸಲ ಯಾಮಾರಿದ್ದೀನಿ" ಎಂದಳು ತಾಯಿ. "ಮದುವೆ ದೊಡ್ಡವಳದ್ದು. ಬ್ಯಾಂಕಿನ ಕೆಲಸ, ರಜೆ ಸಿಗೋದೇ ಕಷ್ಟ. ಚಿಕ್ಕವಳು ಬೇಕರಿ ನಡೆಸ್ತಾಳೆ, ಅದನ್ನ ಬಿಟ್ಟು ನಿಶ್ಚಯಕ್ಕೂ ಬರೋಕಾಗಲಿಲ್ಲ."

"ನಿನಗೂ ಸ್ವಲ್ಪ ಹಚ್ಚಲೇನಮ್ಮ?" ಎಂದರೆ ಚಿಕ್ಕವಳು ತಲೆಯೆತ್ತದೆ, "ನನ್ನನ್ನ ಯಾರು ನೋಡ್ತಾರೆ ಬಿಡಿ ಅಕ್ಕ" ಎಂದಳು.

ಅಕ್ಕ ಕೆಲಸ ಶುರುಮಾಡಿದಳು. ತೆಳು ಫೌಂಡೇಶನ್ನು ಹಚ್ಚಿದಳು. ಅದು ನಿಲ್ಲಲಿಲ್ಲ. ಬಿಸಿ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಕೆನ್ನೆ ಅದನ್ನು ಕುಡಿದು ಹಾಕಿತು. ಇನ್ನೊಂದು ಸಲ ಹಚ್ಚಿ ಮೇಲೆ ಪೌಡರು ಒತ್ತಿದಳು. ಹುಡುಗಿ ಏನೋ ಹೇಳಲು ಬಾಯಿ ತೆರೆದದ್ದೇ ತಡ, ತುಟಿಯ ಅಂಚಿನಲ್ಲಿ ಸಣ್ಣ ಬಿರುಕುಗಳೆದ್ದವು. ಅಕ್ಕ ಎಲ್ಲವನ್ನೂ ಒರೆಸಿ, ಸ್ವಲ್ಪ ಹೊತ್ತು ಕಾದು, ಹಣೆಗೆ ಕಾಗದ ಒತ್ತಿ ಬೆಳಕಿಗೆ ಹಿಡಿದಳು. ಕಾಗದ ಹೋದ ಹಾಗೇ ಬಂದಿತ್ತು.

ಚರ್ಮ ಹವಾಮಾನಕ್ಕೆ ಸ್ವಲ್ಪ ಬದಲಾಗುತ್ತದೆ, ನಿಜ. ಆದರೆ ಒಂದು ವಾರದಲ್ಲಿ ಕೆರೆ ಹೋಗಿ ಬಂಡೆ ಆಗುವುದಿಲ್ಲ.

"ಹೋದ ವಾರ ನನ್ನ ಅಂಗಡಿಗೆ ಬಂದಿದ್ದು ನೀನಲ್ಲ" ಎಂದಳು.

ತಾಯಿಯ ಕೈಯಿಂದ ಡಬ್ಬಿ ಜಾರಿ ಪಿನ್ನುಗಳು ನೆಲದ ತುಂಬ ಹರಡಿದವು. ದೊಡ್ಡವಳು ಮಾತ್ರ ನಕ್ಕುಬಿಟ್ಟಳು. "ಅಯ್ಯೋ, ಸಿಕ್ಕಿಬಿದ್ವಿ! ರಜೆ ಸಿಗಲಿಲ್ಲ ಅಕ್ಕ, ಇವಳನ್ನ ಕಳಿಸಿದೆ. ಒಂದೇ ಮುಖ ಅಲ್ವಾ, ಏನು ವ್ಯತ್ಯಾಸ ಆಗುತ್ತೆ ಅಂದ್ಕೊಂಡೆ."

"ಹುಡುಗನಿಗೆ ಗೊತ್ತಾ?"

"ಒಂದು ಸಲಕ್ಕೆ ಯಾಕೆ ಹೇಳಬೇಕು?"

"ಒಂದು ಸಲ ಅಲ್ಲ" ಎಂದಿತು ಮೂಲೆಯ ದನಿ.

ನಗು ದೊಡ್ಡವಳ ಮುಖದ ಮೇಲೆ ಅರ್ಧಕ್ಕೇ ನಿಂತಿತು. ಚಿಕ್ಕವಳು ನೆಲದ ಪಿನ್ನುಗಳನ್ನೇ ನೋಡುತ್ತ ದೊಡ್ಡವಳಿಗೆ ಹೇಳಿದಳು. "ಮೊದಲನೇ ಸಲ ಅವರು ಹೊರಗೆ ಕರೆದಾಗ, ನೀನು ಹೋಗಿ ಬಾ ಅಂತ ನೀನೇ ಅಂದೆ. ಅವತ್ತು ನನ್ನ ನಂಬರ್ ಕೊಟ್ಟೆ, ಆಮೇಲಿಂದ ಅವರ ಫೋನ್ ನನಗೇ ಬರೋದು. ನಾನೇ ಹೋದೆ. ಪ್ರತಿ ಸಲ ಇವತ್ತು ಹೇಳ್ತೀನಿ ಅಂದ್ಕೊಂಡೇ ಹೋಗ್ತಿದ್ದೆ. ನಿನ್ನ ಹೆಸರು ಹಿಡಿದು ಕರೀತಾರೆ, ನಾನು ಹೂಂ ಅಂತೀನಿ. ಹೇಳೋಕಾಗಲಿಲ್ಲ ಅಕ್ಕ."

ಮೂರೂ ಜನಕ್ಕೆ ಗರ ಬಡಿದ ಹಾಗಾಯಿತು. ದೊಡ್ಡವಳು ಕನ್ನಡಿಯಲ್ಲಿ ತಂಗಿಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ಹಾಗಾದ್ರೆ ಅವನು ನನ್ನ ಜೊತೆ ಕೂತು ಮಾತಾಡಿದ್ದು, ನಿಶ್ಚಯದ ದಿನ ಹಿರಿಯರೆಲ್ಲ ಸುತ್ತ ಕೂತಿದ್ರಲ್ಲ, ಆ ಒಂದು ದಿನ ಅಷ್ಟೇನಾ?" ಎಂದಳು.

ಮೊದಲು ಚೇತರಿಸಿಕೊಂಡವಳು ತಾಯಿ. ಬಾಗಿಲಿನ ಕಡೆ ನೋಡಿ, ಅಕ್ಕನ ಮೊಣಕೈ ಹಿಡಿದು ಪಿಸುಗುಟ್ಟಿದಳು. "ಹೊರಗೆ ಹಾಲ್ ತುಂಬಿದೆ. ನಿಮ್ಮ ದಮ್ಮಯ್ಯ, ಏನಾದ್ರೂ ಹಚ್ಚಿ ಮುಗಿಸಿ. ನಮ್ಮ ಮನೆ ಮಾನ ನಿಮ್ಮ ಕೈಯಲ್ಲಿದೆ."

ಪೌಡರಕ್ಕ ಮುಖದ ಕಲೆ ಮುಚ್ಚಿದವಳು, ಕಣ್ಣ ಕೆಳಗಿನ ಕಪ್ಪು ಮುಚ್ಚಿದವಳು. ಇಂಥದ್ದನ್ನು ಮುಚ್ಚು ಎಂದು ಯಾರೂ ಕೇಳಿರಲಿಲ್ಲ. ಹೇಳಿದರೆ ಒಂದು ಮನೆ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಆ ಹುಡುಗ ಗುರುತೇ ಇಲ್ಲದವಳನ್ನು ಕಟ್ಟಿಕೊಂಡು, ಪ್ರೀತಿಸಿದವಳನ್ನು ನಾದಿನಿ ಎಂದು ಕರೆಯಬೇಕಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಚಿಕ್ಕವಳು ಸ್ಟ್ಯಾಂಡಿನ ಬಟ್ಟೆಗಳ ಹಿಂದೆ ಸರಿದಳು. ಕನ್ನಡಕದ ಅಂಗಡಿಯವನೇ, ಹೊಸ ಕೋಟಿನಲ್ಲಿ, ಮುಖದ ತುಂಬ ನಗು. ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದ. "ಕಾಗದ ತಂದಿದ್ದೀನಿ ಅಕ್ಕ. ಮುಖ ಹೊಳೆಯೋಕೆ ಶುರುವಾಗಿರುತ್ತೆ, ಕೊಟ್ಟು ಹೋಗೋಣ ಅಂತ."

ತಾಯಿ ಪೊಟ್ಟಣಕ್ಕೆ ಕೈ ಚಾಚಿದಳು. ಅಕ್ಕ ಅವಳ ಕೈಯನ್ನು ತಡೆದಳು.

"ನೀನೇ ಒತ್ತಪ್ಪ" ಎಂದಳು. "ಅವತ್ತು ಹೇಳಿಕೊಟ್ಟ ಹಾಗೆ."

ಅವನು ನಾಚುತ್ತಲೇ ಬಂದು ಕುರ್ಚಿಯಲ್ಲಿದ್ದವಳ ಹಣೆಗೆ ಕಾಗದ ಒತ್ತಿದ. ತೆಗೆದು ನೋಡಿದ. ಇನ್ನೊಂದು ತೆಗೆದು ಮೂಗಿನ ತುದಿಗೆ ಒತ್ತಿದ. ಅದೂ ಒಣ ಒಣವಾಗಿಯೇ ಬಂತು. ಹುಡುಗಿ ನಗಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಅವನು ಪೆಚ್ಚಾಗಿ ಅಕ್ಕನ ಮುಖ ನೋಡಿದ. ಊರಿಗೆಲ್ಲ ಕಣ್ಣು ಸರಿಮಾಡಿ ಕೊಡುವವನು ಆಮೇಲೆ ನಿಧಾನವಾಗಿ ಕನ್ನಡಿಯತ್ತ ತಿರುಗಿದ. ಅಲ್ಲಿ, ಬಟ್ಟೆಗಳ ಹಿಂದೆ, ಇನ್ನೊಂದು ಹಣೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

ಅವನು ಸ್ಟ್ಯಾಂಡಿನ ಹತ್ತಿರ ಹೋದ. ಮೂರನೇ ಕಾಗದವನ್ನು ಅವಳ ಮೂಗಿಗೆ ಒತ್ತಿದ. ಅಭ್ಯಾಸಬಲದಿಂದ ಅವಳ ಕಣ್ಣು ತಾನಾಗಿ ಮುಚ್ಚಿತು, ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಕಾಗದದ ಆಚೆಯಿಂದ ಅವನ ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು.

ತಾಯಿ ಗೋಡೆ ಹಿಡಿದು ಕೂತಳು. ಹೊರಗಿನ ಹಾಲಿನಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡಿದ. ಬೈಯುತ್ತಾನೆ, ಹೊರಟುಹೋಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಕೇಳಿದ್ದು ಬೇರೆಯೇ.

"ನಿನ್ನ ಹೆಸರೇನು?"

ಚಿಕ್ಕವಳು ಕಣ್ಣು ತೆರೆದು ದೊಡ್ಡವಳ ಕಡೆ ನೋಡಿದಳು. ಕುರ್ಚಿಯಲ್ಲಿದ್ದ ದೊಡ್ಡವಳು ಅಕ್ಕನ ಪೆಟ್ಟಿಗೆಯಿಂದ ಹತ್ತಿ ತೆಗೆದುಕೊಂಡು ತನ್ನ ಮುಖದ ಅಂಚಿನಲ್ಲಿ ಉಳಿದಿದ್ದ ಪೌಡರನ್ನು ಒರೆಸಿಕೊಳ್ಳುತ್ತ, ತಂಗಿಯ ಹೆಸರನ್ನು ತಾನೇ ಹೇಳಿದಳು.